ಜಾಲರಿ ಸ್ವಚ್ಛ ಇತ್ತು

ಜುಲೈ 14, ಸೋಮವಾರ

ಮುಂಜಾನಿ ಏಳರ ಮಾನ್ವಿ ಬಸ್ಸು. ಟೂಲ್ ಬ್ಯಾಗ್ ತೊಡಿ ಮ್ಯಾಲೆ. ಇವತ್ತು ಮೂರು ಮನಿ.

ಮೊದಲ್ನೇದು ಸಿಂಧನೂರು ರೋಡಿನ ಮ್ಯಾಲೆ. ವಾಷಿಂಗ್ ಮಷೀನು ಕುಣೀತದ ಅಂತ ಕಂಪ್ಲೇಂಟ್. ನಾಲ್ಕು ಕಾಲಿನ್ಯಾಗ ಒಂದು ನೆಲಕ್ಕ ಹತ್ತಿದ್ದಿಲ್ಲ. ರಟ್ಟು ಮಡಚಿ ತೆಳಗ ತುರುಕಿದ್ರು. ಅದು ನೀರು ಕುಡಿದು ಗಂಜಿ ಆಗಿತ್ತು. ತಗದು ಒಗದು, ಪಾನಾ ಹಾಕಿ ಕಾಲು ತಿರುವಿ, ಮ್ಯಾಲೆ ತಾಟಿನ್ಯಾಗ ನೀರಿಟ್ಟು ಲೆವೆಲ್ ನೋಡಿದೆ. ಹತ್ತು ನಿಮಿಷ. ಮನಿ ಯಜಮಾನ "ಇಷ್ಟೇನಾ?" ಅಂದ. ಇಷ್ಟೇ ರೀ.

ಎರಡನೇ ಮನ್ಯಾಗ ಮಷೀನಿಗೆ ಕೈ ಹಚ್ಚಿದ್ರ ಜುಂ ಅಂತದಂತ. ಪ್ಲಗ್ಗಿಗೆ ಮೂರು ಪಿನ್ನು, ಗ್ವಾಡಿ ಒಳಗ ಎರಡೇ ವೈರು. ಅರ್ಥಿಂಗ್ ಇಲ್ಲವೇ ಇಲ್ಲ. ಪ್ಲಗ್ ಕಿತ್ತು ಇಟ್ಟೆ. ಅರ್ಥಿಂಗ್ ಹಾಕ್ಸೋತನ ಹಚ್ಚಬ್ಯಾಡ್ರಿ ಅಂದೆ. "ಚಪ್ಪಲ್ ಹಾಕ್ಕೊಂಡು ಮುಟ್ಟಿದ್ರ ನಡೀತದಂತಲ್ಲ" ಅಂದ್ಲು ಮನಿಯಾಕಿ. ನಡಿಯಂಗಿಲ್ಲ ರೀ. ಮಾರಿ ಗಂಟು ಹಾಕಿದ್ಲು. ಹಾಕ್ಲಿ. ಜೀವ ಇದ್ರ ಸಿಟ್ಟು.

ಮೂರನೇದು ಅಂಬಿಕಾ ಟೀಚರ್ ಮನಿ. ಹೈಸ್ಕೂಲಿನ್ಯಾಗ ಗಣಿತ ಹೇಳ್ತಾರ, ಇವತ್ತು ರಿಪೇರಿಗಂತ ರಜಾ ಹಾಕಿದ್ರು. ಗಂಡ ಲಾರಿ ಮ್ಯಾಲೆ, ತಿಂಗಳಿಗೆ ಎರಡು ಸಲ ಬರ್ತಾರಂತ. ಅತ್ತಿ ಹುಲಗೆಮ್ಮಗ ಎರಡು ವರ್ಷದ ಹಿಂದ ಲಕ್ವಾ ಹೊಡದು ಬಲಗಡಿ ಮೈ ಬಿದ್ದದ. ಪಡಸಾಲಿ ಬಾಜು ಖೋಲ್ಯಾಗ ಮಂಚ. ಅದರ ಆಚೆ ಸಣ್ಣ ಖೋಲಿ, ಅಲ್ಲೇ ತೊಳಿಯೋ ಮಷೀನು, ಒಣಗಿಸೋ ಮಷೀನು ಎರಡೂ.

ಡ್ರೈಯರ್ ಯಾಕ ತಗೊಂಡ್ರಿ ಅಂತ ಕೇಳಿದೆ. ಮಾನ್ವ್ಯಾಗ ಅಷ್ಟು ಮಂದಿ ತಗೊಳ್ಳಂಗಿಲ್ಲ. ಟೀಚರ್ ಕಿಟಕಿ ತೋರ್ಸಿದ್ರು. ಅಕ್ಕಿ ಗಿರಣಿ ಚಿಮಣಿ. ಮಾಳಿಗಿ ಮ್ಯಾಲೆ ಬಿಳಿ ಬಟ್ಟಿ ಹಾಕಿದ್ರ ಸಂಜೀಕ ಕರಿ ಬೂದಿ ಕುಂತಿರ್ತದ. ಅತ್ತಿ ಹಾಸಿಗಿ ದಿನಕ್ಕ ಮೂರು ಸಲ ಬದಲು. ಮಳಿಗಾಲ ಬ್ಯಾರೆ.

ಕಂಪ್ಲೇಂಟ್ ಇದ್ದದ್ದು ವಾಷರಿಂದು. ಬಾಗಿಲದ ರಬ್ಬರಿನಿಂದ ನೀರು ಸೋರೋದು. ತಲಿಪಿನ್ನು ಸಿಕ್ಕು ಹರದಿತ್ತು. ಹೊಸಾದು ಹಾಕಿದೆ. ಮುದುಕಿ ಮಂಚದ ಮ್ಯಾಲಿಂದ ನೋಡಾಕತ್ತಿದ್ಲು. "ಹೆಣ್ಣುಮಗಳು ಪಾನಾ ತಿರುವೋದು ಇವತ್ತ ನೋಡಿದೆ" ಅಂದ್ಲು. ಮಾತು ತುಸು ತೊದಲು, ಕಣ್ಣು ಚುರುಕು.

ಹೊರಡೋ ಮುಂದ ಟೀಚರ್ ಅಂದ್ರು — ಡ್ರೈಯರಿನ್ಯಾಗ ಮೊದ್ಲು ಒಂದು ತಾಸಿಗೆ ಒಣಗ್ತಿದ್ವು, ಈಗ ಎರಡು ತಾಸು ಹಿಡೀತದ. ಆಗಷ್ಟೇ ಒಂದು ಸಲ ಓಡಿ ನಿಂತಿತ್ತು, ಒಳಗಿನ ಬಟ್ಟಿ ಬಿಸಿ ಇದ್ವು. ಜಾಲರಿ ಎಳದು ನೋಡಿದೆ. ಬಟ್ಟಿಯಿಂದ ಉದುರೋ ಹತ್ತಿ ಧೂಳು ಕುಂದ್ರೋದು ಅಲ್ಲೇ. ಬಾಕಿ ಮನ್ಯಾಗ ಬೊಗಸಿ ತುಂಬ ಸಿಗ್ತದ. ಇಲ್ಲೆ ಒಂದು ಎಳಿ ಇಲ್ಲ.

"ಎಷ್ಟು ಛಲೋ ಇಟ್ಟೀರಿ ಟೀಚರ್. ಎಲ್ಲಾರೂ ನಿಮ್ಮಂಗ ಇದ್ರ ನಮಗ ಕೆಲಸ ಇರಂಗಿಲ್ಲ" ಅಂದೆ. ನಕ್ಕರು. ಮಳಿಗಾಲದಾಗ ತುಸು ತಡಾ ಆಗ್ತದ ಅಂತ ಹೇಳಿ ಫಾರ್ಮಿನ್ಯಾಗ ಫಿಲ್ಟರ್ ಓಕೆ ಅಂತ ಟಿಕ್ ಹೊಡದೆ. ಎರಡೂವರಿ ಬಸ್ಸು ಹಿಡದೆ.

ಜುಲೈ 15, ಮಂಗಳವಾರ

ರಾಯಚೂರಿನ್ಯಾಗ ನಾಲ್ಕು ಕಾಲ್. ಬೋರ್ ನೀರಿನ ಉಪ್ಪು ಹೀಟರಿಗೆ ಸುಣ್ಣ ಬಳದಂಗ ಕುಂತದ. ಮಂದಿ ಅದು ತಿಳೀಲಾರ್ದ ಪುಡಿ ಇನ್ನಾ ಜಾಸ್ತಿ ಹಾಕ್ತಾರ. ಅರ್ಧ ಹಾಕ್ರಿ, ತೊಳದ ಮ್ಯಾಲೆ ಬಾಗಿಲ ತಗದಿಡ್ರಿ, ನೀರಿನ ನಳ ಬಂದ್ ಮಾಡ್ರಿ… ದಿನಾ ಇದ ಮಂತ್ರ.

ಒಂದು ಮನ್ಯಾಗ ನೀರು ಹೋಗೋ ಫಿಲ್ಟರ್ ಬಿಚ್ಚಿದ್ರ ಬೆಳ್ಳಿ ಕಾಲುಂಗುರ. ಮನಿಯಾಕಿ ಅದನ್ನ ನೋಡಿ ಅಲ್ಲೇ ಕುಂತುಬಿಟ್ಲು. ಎರಡು ತಿಂಗಳ ಹಿಂದ ಕೆಲಸದಾಕಿ ಮ್ಯಾಲೆ ಕಳವು ಹಾಕಿ ಬಿಡಿಸಿದ್ರಂತ. ಅಕಿಗೆ ಫೋನ್ ಮಾಡ್ರಿ ಅಂದೆ. ನನ್ನ ಮುಂದನ ಮಾಡಿದ್ರು. ಛಲೋ ಅನಿಸ್ತು.

ಜುಲೈ 17, ಗುರುವಾರ, ಸಂಜಿ

ಮಳಿ. ಕರೆಂಟ್ ಹೋಗಿ ಬಂತು. ಅವ್ವ ರೊಟ್ಟಿ ಬಡಿಯಾಕತ್ತಿದ್ಲು. ಅಪ್ಪ ಕಟ್ಟಿ ಮ್ಯಾಲೆ ಚಹಾ. ಮಾನ್ವಿ ಟೀಚರ್ ಮನಿ ಸುದ್ದಿ ಹೇಳಿದೆ, ಗಿರಣಿ ಬೂದಿ, ಒಣಗಿಸೋ ಮಷೀನು. ಅಪ್ಪಗ ಮಷೀನಿನ ಮಾತು ಅಂದ್ರ ಇಷ್ಟ. ಇಪ್ಪತ್ತೆರಡು ವರ್ಷ ಹತ್ತಿ ಜಿನ್ನಿಂಗ್ ಫ್ಯಾಕ್ಟರ್ಯಾಗ ನಿಂತಂವ.

"ಬಟ್ಟಿ ಬಿಸಿ ಗಾಳ್ಯಾಗ ತಿರುಗಿದ್ರ ಹತ್ತಿ ಅರಳಿ ಉದುರಂಗಿಲ್ಲೇನು?" ಅಂದ.

ಉದುರ್ತದ, ಅದಕ್ಕ ಜಾಲರಿ ಇರ್ತದ, ದಿನಾ ತಗದು ಸ್ವಚ್ಛ ಮಾಡಬೇಕು ಅಂದೆ. ಆ ಟೀಚರ್ ಜಾಲರಿ ಎಷ್ಟು ಸ್ವಚ್ಛ ಇತ್ತಂದ್ರ ಒಂದು ಎಳಿ ಇದ್ದಿಲ್ಲ ಅಂತನೂ ಅಂದೆ.

"ಮಷೀನು ಓಡಿ ಎಷ್ಟೊತ್ತಾಗಿತ್ತು?"

"ಆಗಷ್ಟೇ ನಿಂತಿತ್ತಪ್ಪ. ಬಟ್ಟಿ ಇನ್ನಾ ಬಿಸಿ ಇದ್ವು."

ಅಪ್ಪ ಕಪ್ಪು ಕೆಳಗಿಟ್ಟ.

"ಆಗಷ್ಟೇ ಓಡಿದ ಮಷೀನಿನ ಜಾಲರಿ ಮ್ಯಾಲೆ ಒಂದು ಎಳಿ ಇಲ್ಲಂದ್ರ ಅದು ಸ್ವಚ್ಛ ಅಲ್ಲವ್ವ. ಎಲ್ಲೋ ಹರದದ. ನಮ್ಮ ಜಿನ್ನಿನ್ಯಾಗ ಜಾಲರಿ ಬರಿದು ಕಂಡ್ರ ಆಳುಗಳ ಮ್ಯಾಲಿನ ಮುಕಾದಮ ಮೊದ್ಲು ಮಷೀನು ನಿಲ್ಲಿಸ್ತಿದ್ದ. ಅರಳಿ ಅಲ್ಲಿಲ್ಲಂದ್ರ ಒಳಗ ಹೋಗ್ಯದ. ಬಿಸಿ ಇದ್ದಲ್ಲೇ ಹೋಗಿ ಕುಂದರ್ತದ. ಹತ್ತಿ ಬೆಂಕಿಗೆ ಉರಿ ಕಾಣಂಗಿಲ್ಲ. ಒಳಗೊಳಗ ಹರೀತದ."

ಒಂದು ತಾಸಿನ ಬಟ್ಟಿಗೆ ಎರಡು ತಾಸು… ಗಾಳಿ ಹೋಗೋ ದಾರಿ ಕಟ್ಟ್ಯದ ಅಂತ ಮಷೀನು ತಾನ ಹೇಳಾಕತ್ತಿತ್ತು. ಟೀಚರ್ ಬಾಯಿಲೇ ಹೇಳಿದ್ರು. ಮಳಿಗಾಲ ಅಂದೆ ನಾನು.

ಎಂಟಕ್ಕ ಫೋನ್ ಮಾಡಿದೆ. ರಿಂಗ್ ಆಗಿ ನಿಂತ್ತು. ಎಂಟೂವರಿಗೆ ಮತ್ತ. ಬಿಲ್ಲಿನ ಮ್ಯಾಲೆ ಒಂದ ನಂಬರ್ ಅದ. ವಾಟ್ಸಾಪ್ ಇಲ್ಲ ಅದಕ್ಕ. ನಾಳಿ ಅಂಗಡಿ ತಗದ ಕೂಡ್ಲೆ ಹೊಸ ಜಾಲರಿ ತಗೊಂಡು ಮಾನ್ವಿಗೆ ಹೋಗ್ತೀನಿ.

ಅವ್ವ ಉಣ್ಣು ಅಂತಾಳ. ಇಳಿಯವಲ್ದು.

ಜುಲೈ 18, ಶುಕ್ರವಾರ, 11.30, ಬಸ್ಸಿನ್ಯಾಗ

ಮುದುಕಿ ಹೊರಗ ಅದಾಳ. ಅದನ್ನ ಮೊದ್ಲು ಬರೀಬೇಕು. ಹುಲಗೆಮ್ಮ ಹೊರಗ ಅದಾಳ, ಮಾತಾಡಾಕತ್ತಾಳ, ಚಹಾ ಕೇಳ್ಯಾಳಂತ.

ಅಕ್ಷರ ನೆಟ್ಟಗ ಬರವಲ್ವು.

ಮುಂಜಾನಿ ಏಳಕ್ಕ ಮಾಡಿದೆ, ಸ್ವಿಚ್ ಆಫ್. ಒಂಬತ್ತಕ್ಕ ಸ್ವಿಚ್ ಆಫ್. ಹತ್ತಕ್ಕ ಅಂಗಡಿಗೆ ಹೋದೆ. ಮಹಾಂತಯ್ಯ ಸರ್ ಷಟರ್ ಎತ್ತಾಕತ್ತಿದ್ರು. ಅವರ ಅಂಗಡ್ಯಾಗ ನಾನು ಆರು ವರ್ಷದಿಂದ ಇದೀನಿ. ಜಾಲರಿ ಹುಡುಕ್ಕೋತ ಇನ್ನೊಂದು ಸಲ ಹಚ್ಚಿದೆ. 10.35.

"ಯಾರು?" ಅಂತು ಮುದುಕಿ ದನಿ.

"ರಾಯಚೂರಿಂದ ರೀ ಅವ್ವಾರ. ಸೋಮವಾರ ಮಷೀನು ರಿಪೇರಿಗೆ ಬಂದಿದ್ನಲ್ಲ."

"ಹಾಂ, ಪಾನಾದಾಕಿ. ಅಂಬಿಕಾ ಶಾಲಿಗೆ ಹೋಗ್ಯಾಳವ್ವ. ಈ ಫೋನ್ ಮನ್ಯಾಗಿಂದು, ಚಾರ್ಜ್ ಇಲ್ಲದ ಬಂದ್ ಆಗಿತ್ತು, ಈಗ ಚಾಲೂ ಮಾಡಿ ನನ್ನ ಬಲ್ಲೆ ಇಟ್ಟು ಹೋಗ್ಯಾಳ."

"ಒಣಗಿಸೋ ಮಷೀನು ಚಾಲೂ ಅದೇನ್ರಿ?"

"ಅದ. ಹಚ್ಚೇ ಹೋಗ್ಯಾಳ. ಒಂದೀಟು ಸುಟ್ಟ ವಾಸನಿ ಬರಾಕತ್ತದ. ಬಾಜು ಮನ್ಯಾಕಿ ಒಲಿ ಮ್ಯಾಲೆ ಏನರ ಇಟ್ಟು ಮರ್ತಾಳಂತ ಮಾಡಿದ್ದೆ."

"ಹೊಗಿ ಕಾಣ್ತದೇನ್ರಿ ಅವ್ವಾರ? ಮಷೀನಿನ ಖೋಲಿ ಕಡಿ ನೋಡ್ರಿ."

ಮಂಚ ಕಿರ್ ಅಂತು. ಆಮ್ಯಾಲೆ ಸಾವಕಾಶ ಅಂದ್ಲು — "ಕಾಣ್ತದ. ಬಾಗಲ ಮ್ಯಾಗ. ತೆಳ್ಳಗ."

ಸರ್ ಮಾರಿ ನೋಡಿದೆ. ಕೇಳ್ಲಾರ್ದ ತಮ್ಮ ಫೋನ್ ಕೈಗೆ ಕೊಟ್ರು. ಮುಜಾಹಿದ್‌ಗ ಹಚ್ಚಿದೆ. ಐಟಿಐ ಕ್ಲಾಸ್‌ಮೇಟ್, ಈಗ ಮಾನ್ವ್ಯಾಗ ಲೈನ್‌ಮನ್. ಬಸ್ ಸ್ಟ್ಯಾಂಡ್ ಹತ್ರ ಕಂಬದ ಮ್ಯಾಲಿದ್ದ. ಮನಿ ಗುರ್ತು ಹೇಳಿದೆ. ಮೀಟರ್ ಬೋರ್ಡ್ ಹೊರಗಿನ ಗ್ವಾಡಿಗೆ ಅದ, ಮೇನ್ ಇಳಸು, ಆಮ್ಯಾಲೆ ಒಳಗ ಹೋಗು, ಒಬ್ಬ ಮುದುಕಿ ಅದಾಳ, ಏಳಾಕ ಬರಂಗಿಲ್ಲ. "ಹತ್ತು ನಿಮಿಷ ಹಿಡೀತದ ಕಲ್ಯಾಣಿ, ಇಳಿಯಾಕತ್ತೀನಿ" ಅಂದ. ಸರ್ ಬಾಜು ಅಂಗಡಿ ಫೋನಿಲೆ ಮಾನ್ವಿ ಫೈರ್ ಸ್ಟೇಷನ್‌ಗೆ ಹೇಳಾಕತ್ತಿದ್ರು.

ಹತ್ತು ನಿಮಿಷ.

ಬಾಜು ಮಂದಿನ್ನ ಕರೀರಿ ಅಂದೆ. ಓಣ್ಯಾಗ ಒಬ್ರೂ ಇಲ್ಲ, ಎಲ್ಲಾರೂ ನಾಟಿ ಹಚ್ಚಾಕ ಗದ್ದಿಗೆ ಹೋಗ್ಯಾರಂತ. ಮುಂಬಾಗಿಲಿಗೆ ಹೊರಗಿಂದ ಚಿಲಕ ಅಷ್ಟೇ, ಕೀಲಿ ಇಲ್ಲ. ಅದೊಂದು ಪುಣ್ಯ.

"ನಿಮ್ಮ ಖೋಲಿಗೂ ಮಷೀನಿನ ಖೋಲಿಗೂ ನಡುವಿನ ಬಾಗಿಲ ಮುಚ್ಚಾಕ ಬರ್ತದೇನ್ರಿ?"

"ಕೋಲು ಅದ. ಫ್ಯಾನಿನ ಗುಂಡಿ ಒತ್ತಾಕ ಕೊಟ್ಟಾಳ. ಆದ್ರ ನನ್ನ ಒಂದ ಕೈ ಕೆಲಸ ಮಾಡ್ತದ ತಂಗಿ, ಅದರಾಗ ಫೋನ್ ಹಿಡದೀನಿ. ಸಾವಕಾಶ ಹೇಳು."

ಫೋನ್ ಎದಿ ಮ್ಯಾಲೆ ಇಡ್ರಿ ಅಂದೆ. ಇಟ್ಲು. ಉಸಿರಿನ ಸಪ್ಪಳ, ಮಂಚದ ಕಿರ್ ಕಿರ್. ಕೋಲು ಒಮ್ಮೆ ನೆಲಕ್ಕ ಬಡೀತು. ಇನ್ನೊಮ್ಮೆ ಗ್ವಾಡಿಗೆ. ಮೂರನೇ ಸಲಕ್ಕ ದಪ್ ಅಂತ ಬಾಗಿಲ ಮುಚ್ಚಿದ ಸಪ್ಪಳ.

"ಆತವ್ವ. ಮುಂದ?"

ಮಂಚದ ಬಾಜು ತಂಬಿಗಿ ಇತ್ತು. ಸೆರಗು ತೋಯಿಸಿ ಮೂಗಿಗೆ ಹಿಡೀರಿ ಅಂದೆ. ಹಿಡದ್ಲು. ಮಾತಾಡಿಸ್ತ ಇರಬೇಕಂತ ಏನೇನೋ ಕೇಳಿದೆ. ಏನು ಕೇಳಿದೆನೋ ನೆನಪಿಲ್ಲ. ನನ್ನ ದನಿ ಒಡದಿತ್ತು.

"ನೀ ಯಾಕ ಅಳಾಕತ್ತಿ? ಬೆಂಕಿ ಹತ್ತಿದ್ದು ನಮ್ಮ ಮನ್ಯಾಗ" ಅಂದ್ಲು ಮುದುಕಿ.

ಆಮ್ಯಾಲೆ ಕೆಮ್ಮು. ಕೆಮ್ಮು. ಮತ್ತ ಚಿಲಕದ ಸಪ್ಪಳ. ಮುಜಾಹಿದ್ ದನಿ — "ಅಮ್ಮಾ, ಎಲ್ಲದೀರಿ?" ಫೋನ್ ಎಲ್ಲೋ ಬಿತ್ತು. ಏನೂ ಕೇಳವಲ್ದು.

ನಾಲ್ಕು ನಿಮಿಷ. ಅಂಗಡಿ ಗಡಿಯಾರ ನೋಡ್ಕೋತ ನಿಂತಿದ್ದೆ. ಸರ್ ಫೋನಿಗೆ ಮುಜಾಹಿದ್ ಕಾಲ್ ಬಂತು.

"ಮೇನ್ ಇಳಿಸೀನಿ. ಟ್ರ್ಯಾಕ್ಟರ್‌ನಂವ ಒಬ್ಬ ಸಿಕ್ಕ, ಅಮ್ಮನ್ನ ಮಂಚ ಸಮೇತ ಕಟ್ಟಿಗೆ ತಂದೀವಿ. ಮಷೀನಿನ ಹಿಂದ ಕೆಂಪಗ ಕಾಣ್ತದ."

"ಮಷೀನಿನ ಬಾಗಿಲ ತಗೀಬ್ಯಾಡ ಮುಜಾಹಿದ್. ಗಾಳಿ ಹೋದ್ರ ಭಗ್ ಅಂತದ."

"ತಗದಿಲ್ಲ. ನಾನೂ ಅದ ಕ್ಲಾಸಿನ್ಯಾಗ ಕುಂತಿದ್ದೆ. ಫೈರ್ ಗಾಡಿ ಸಪ್ಪಳ ಕೇಳಾಕತ್ತದ. ನೀ ಬಾ ಇನ್ನ."

ಅಂಗಡಿ ಮೆಟ್ಟಲ ಮ್ಯಾಲೆ ಕುಂತುಬಿಟ್ಟೆ. ಸರ್ ನೀರು ಕೊಟ್ರು.

ಕಲ್ಲೂರು ಬಂತು.

ಅದ ದಿನ, ಸಂಜಿ 6

ಬೆಂಕಿ ಆರಿತ್ತು ನಾ ಹೋಗೋದ್ರಾಗ. ಸಣ್ಣ ಖೋಲಿ ಗ್ವಾಡಿ ಸ್ಲ್ಯಾಬಿನ ತನಕ ಕರ್ರಗ. ನಡುವಿನ ಬಾಗಿಲ ಆ ಕಡಿ ಸುಟ್ಟು ಗುಳ್ಳಿ ಎದ್ದದ. ಈ ಕಡಿ ಬಣ್ಣ ಹಂಗ ಅದ. ಆ ಬಾಗಿಲ ಒಂದು ಮುಚ್ಚದಿದ್ರ… ಇರ್ಲಿ.

ಮುದುಕಿ ಕಟ್ಟಿ ಮ್ಯಾಲೆ ಮಂಚದಾಗ. ಡಾಕ್ಟರು ಬಂದು ನೋಡಿದ್ರಂತ. ಎದಿ ಸಾಫ್ ಅದ, ಎರಡು ದಿನ ಕೆಮ್ಮು ಇರ್ತದ ಅಂದ್ರಂತ. ಓಣಿ ಮಂದಿ ಕೆಸರುಗಾಲಿಲೆ ಗದ್ದಿಯಿಂದ ಓಡಿ ಬಂದಿದ್ರು. ಅಂಬಿಕಾ ಟೀಚರ್ ಮಂಚದ ಕಾಲು ಹಿಡದು ನೆಲದ ಮ್ಯಾಲೆ ಕುಂತಿದ್ರು. ಕೈಗೆ ಇನ್ನಾ ಸುಣ್ಣದ ಕಡ್ಡಿ ಪುಡಿ.

ಮಷೀನು ಅಂಗಳದಾಗ. ಹಿಂದಿನ ತಗಡು ಬಿಚ್ಚಿದೆ. ಹೀಟರಿನ ಸುತ್ತ ಹತ್ತಿ ಧೂಳು ಕೌದಿ ಪದರಿನಂಗ ದಪ್ಪ ಕುಂತದ, ಅರ್ಧ ಸುಟ್ಟು ಕರ್ರಗ, ಅರ್ಧ ಇನ್ನಾ ಬೂದಿ ಬಣ್ಣ. ಗಾಳಿ ಹೋಗೋ ಪೈಪು ಗ್ವಾಡಿಗೆ ಒತ್ತಿ ಚಪ್ಪಟಿ ಆಗ್ಯದ. ಜಾಲರಿ ತಗದೆ. ಚೌಕಟ್ಟಿನ ಮೂಲ್ಯಾಗ ಬಲೆ ಎರಡು ಬೆರಳು ಹೋಗುವಷ್ಟು ಬಿಟ್ಟದ. ಕೈಯಾಗ ಹಿಡದ್ರ ಕಾಣಂಗಿಲ್ಲ. ಬೆಳಕಿಗೆ ಹಿಡದ್ರ ಕಾಣ್ತದ. ಸೋಮವಾರ ನಾ ಬೆಳಕಿಗೆ ಹಿಡದಿದ್ದಿಲ್ಲ.

ಸುಮ್ಮನ ಇರಬಹುದಿತ್ತು. ಮಷೀನು ಹಳೇದು, ಪೈಪು ಚಪ್ಪಟಿ, ಹೇಳಾಕ ಬೇಕಾದಷ್ಟು ಕಾರಣ ಇದ್ವು. ಮಂದಿ ಎಲ್ಲಾ "ಫೋನ್ ಮಾಡಿ ಉಳಿಸಿದ ಮಗಳು ಇಕಿನ" ಅಂತ ತೋರಿಸಾಕತ್ತಿದ್ರು. ಅದು ಕೇಳಿ ಇನ್ನಾ ತಡಕೊಳ್ಳಾಕ ಆಗಲಿಲ್ಲ.

"ಟೀಚರ್, ತಪ್ಪು ನಂದು. ಸೋಮವಾರನ ನೋಡಬೇಕಿತ್ತು. ಬಸ್ಸಿನ ಗಡಿಬಿಡ್ಯಾಗ ಓಕೆ ಬರದೆ."

ಟೀಚರ್ ನನ್ನ ಕಡಿ ನೋಡ್ಲಾರ್ದ ಅಂದ್ರು:

"ಮೊದ್ಲು ನಾನು ಮನ್ಯಾಗ ಇದ್ದಾಗ ಅಷ್ಟೇ ಹಚ್ತಿದ್ದೆ. ಅಂಜಿಕಿ ಇತ್ತು. ನೀವು ಛಲೋ ಇಟ್ಟೀರಿ ಅಂದ್ರಿ. ಆ ಧೈರ್ಯದ ಮ್ಯಾಲೆ ಈ ನಾಲ್ಕು ದಿನ ಹಚ್ಚಿ ಶಾಲಿಗೆ ಹೋದೆ."

ಬಿಚ್ಚಿದ ತಗಡು ಎತ್ತಿ ಗ್ವಾಡಿಗೆ ಆನಿಸಿ ಇಟ್ಟೆ.

ಹುಲಗೆಮ್ಮ ಕೆಮ್ಮಿದ್ಲು. "ಅಂಬಿಕಾ, ಅಕಿ ಮರ್ತಿದ್ಲು. ನೆನಪಾದ ಮ್ಯಾಲೆ ಐದು ಸಲ ಫೋನ್ ಮಾಡ್ಯಾಳ. ಮರತೋರು ಭಾಳ ಮಂದಿ ಇರ್ತಾರ. ನೆನೆಸೋರು ಕಮ್ಮಿ. ಚಹಾ ಹಾಕವ್ವ ಎಲ್ಲಾರಿಗೆ."

ಟೀಚರ್ ಎದ್ದು ಒಳಗ ಹೋದ್ರು. ಚಹಾ ಬಂತು. ನನಗೂ ಕೊಟ್ರು, ಮಾರಿ ನೋಡಲಿಲ್ಲ.

ಮುಜಾಹಿದ್ ಬಸ್ ಸ್ಟ್ಯಾಂಡಿನ ತನಕ ಬಿಟ್ಟ. ಅವನ ಖಾಕಿ ಅಂಗಿ ತೋಳು ಸುಟ್ಟು ತೂತು ಬಿದ್ದಿತ್ತು. ಕೈಗೇನೂ ಆಗಿಲ್ಲ. "ಮನ್ಯಾಗ ಕೇಳಿದ್ರ ಬೀಡಿ ಅಂತೀನಿ" ಅಂದ. ಅಂವ ಬೀಡಿನ ಸೇದಂಗಿಲ್ಲ.

ಜುಲೈ 19, ಶನಿವಾರ

ನಿದ್ದಿ ಇಲ್ಲ. ಮುಂಜಾನಿ ಅಂಗಡಿ ತಗದ ಕೂಡ್ಲೆ ಸರ್ ಮುಂದ ಸೋಮವಾರದ ಫಾರ್ಮ್ ಇಟ್ಟೆ. ಎಲ್ಲಾ ಹೇಳಿದೆ. ಕೆಲಸ ಹೋಗ್ತದ ಅಂತ ಗ್ಯಾರಂಟಿ ಮಾಡ್ಕೊಂಡ ಹೋಗಿದ್ದೆ.

"ಟೀಚರ್ ಕೇಳಿದ್ರೇನು, ಸೋಮವಾರ ಯಾಕ ನೋಡಲಿಲ್ಲ ಅಂತ?"

"ಇಲ್ಲ ಸರ್. ನಾನ ಹೇಳಿದೆ."

"ಯಾಕ?"

"ಇನ್ನೊಂದು ಮನ್ಯಾಗೂ ಹಿಂಗ ಓಕೆ ಬರದಿರಬಹುದು ಸರ್. ಇದನ್ನ ಮುಚ್ಚಿಟ್ರ ಅದು ಯಾರಿಗೆ ಗೊತ್ತಾಗಬೇಕು?"

ಕನ್ನಡಕ ತಗದು ಒರಸ್ಕೋತ ಕುಂತ್ರು. ಸಿಟ್ಟು ಮಾಡೋ ಮುಂದ ಹಂಗ ಮಾಡ್ತಾರ. ಕಾದೆ.

"ಹದಿನೆಂಟು ವರ್ಷ ಆತು ನಾನು ಈ ಧಂಧಾ ಮಾಡಾಕತ್ತು. ಸ್ವಚ್ಛ ಜಾಲರಿ ಕಂಡಾಗೆಲ್ಲ ಖುಷಿ ಪಟ್ಟಂವನ ನಾನೂ. ನಿಮಗ ಕಲಿಸಿದ್ದೂ ಹಂಗ."

ಆಮ್ಯಾಲೆ ಕೇಳಿದ್ರು, ನಮ್ಮ ಕಡಿ ಎಷ್ಟು ಡ್ರೈಯರ್ ಅದಾವ ಅಂತ. ರಜಿಸ್ಟರ್ ತಿರುವಿದೆ. ಹದಿನಾಲ್ಕು. ರಾಯಚೂರಿನ್ಯಾಗ ಒಂಬತ್ತು, ಮಾನ್ವಿಗೆ ಮೂರು, ದೇವದುರ್ಗಕ್ಕ ಎರಡು.

"ಎಲ್ಲಾ ಮನಿಗೆ ಹೋಗು. ಹಿಂದಿನ ತಗಡು ಬಿಚ್ಚಿ ನೋಡು. ಯಾರೂ ಕರದಿಲ್ಲ, ಅದಕ್ಕ ಚಾರ್ಜ್ ಇಲ್ಲ. ಟೀಚರ್ ಮನಿಗೆ ನಮ್ಮಲ್ಲಿ ಒಂದು ಡ್ರೈಯರ್ ಖಾಲಿ ಅದಲ್ಲ, ಅದನ್ನ ತಯಾರು ಮಾಡು."

ಪೆನ್ ತಗೊಂಡು ಫಾರ್ಮಿನ್ಯಾಗ 'ಫಿಲ್ಟರ್' ಅಂತ ಇದ್ದದ್ದು ಹೊಡದು ಹಾಕಿದ್ರು. ತೆಳಗ ಬರದ್ರು — ಬೆಳಕಿಗೆ ಹಿಡಿದು ನೋಡಿದೆನು. ಸಹಿ.

ಅಂಗಡಿ ಹಿಂದ ಹೋಗಿ ಸುಮ್ಮನ ಐದು ನಿಮಿಷ ನಿಂತು ಬಂದೆ. ಉಸಿರು ನೆಟ್ಟಗ ಆಡ್ತು, ಗುರುವಾರದಿಂದ ಮೊದಲ್ನೇ ಸಲ.

ಜುಲೈ 22, ಮಂಗಳವಾರ

ರಾಯಚೂರಿನ್ಯಾಗ ಐದು ಆದ್ವು. ಎರಡರಾಗ ಏನೂ ಇಲ್ಲ. ಒಂದರಾಗ ಜಾಲರಿ ಅಂಚು ಸಡ್ಲ. ಒಂದರ ಪೈಪಿನ್ಯಾಗ ಅಳಿಲು ಗೂಡು ಕಟ್ಟಿತ್ತು, ಪುಣ್ಯಕ್ಕ ಖಾಲಿ ಗೂಡು.

ಐದನೇದು ಮಹಾಂತಯ್ಯ ಸರ್ ಮನಿ. ಅವರ ಹೆಂಡ್ತಿ ಮಂಜುಳಾ ಮೇಡಂ ಬಾಗಿಲ ತಗದು, "ನೋಡವ್ವ, ನಾಲ್ಕು ವರ್ಷದಿಂದ ಹೇಳಾಕತ್ತೀನಿ, ಊರ ಮಂದಿ ಮಷೀನು ನೋಡ್ತಾರ, ನಮ್ಮದು ನೋಡಂಗಿಲ್ಲ" ಅಂದ್ರು. ತಗಡು ಬಿಚ್ಚಿದೆ. ಒಂದು ದಿಂಬು ತುಂಬುವಷ್ಟು ಬಂತು. ಪ್ಲಗ್ಗು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ರು, ಬೋರ್ಡ್ ಕಂದು ತಿರುಗ್ಯದ. ಫೋಟೋ ತಗದು ಸರ್‌ಗೆ ಕಳಿಸಿದೆ. ವಾಟ್ಸಾಪಿನ್ಯಾಗ ಎರಡು ನೀಲಿ ಟಿಕ್ ಬಂದ್ವು. ಅರ್ಧ ತಾಸಿನ್ಯಾಗ ಸರ್ ತಾವ ಬಂದ್ರು, ಬೋರ್ಡ್ ಕಿತ್ತು, ಗ್ವಾಡಿ ಸಾಕೆಟ್ಟಿಗೆ ದಪ್ಪ ವೈರ್ ಎಳದ್ರು. ಮೇಡಂ ನಿಂತು ನೋಡಿದ್ರು, ಒಂದು ಮಾತು ಆಡಲಿಲ್ಲ. ಆಡಿದ್ರನ ಛಲೋ ಇತ್ತು ಅಂತ ಸರ್ ಮಾರಿ ಮ್ಯಾಲೆ ಬರದಿತ್ತು.

ಜುಲೈ 26, ಶನಿವಾರ

ಮಾನ್ವಿ. ಟೀಚರ್ ಮನಿಗೆ ಮಷೀನು ಕೂಡಿಸಿದೆ. ಈ ಸಲ ಸಣ್ಣ ಖೋಲ್ಯಾಗ ಅಲ್ಲ, ಹಿತ್ತಲ ಬಾಗಿಲ ಬಲ್ಲೆ, ಮಂಚದಿಂದ ದೂರ. ಗ್ವಾಡಿಗೆ ತೂತು ಹೊಡದು ತಗಡಿನ ಪೈಪು ನೇರ ಹೊರಗ. ಗ್ವಾಡಿಗೂ ಮಷೀನಿಗೂ ನಡುವ ಒಂದು ಗೇಣು ಜಾಗ.

ಟೀಚರ್ ನೋಟ್‌ಬುಕ್ ಹಿಡದು ಬಾಜು ನಿಂತಿದ್ರು. ಒಂದೊಂದಾಗಿ ಬರ್ಕೊಂಡ್ರು. ಹಾಸಿಗಿ ತುಂಬಾ ತುರುಕಬಾರದು. ಕೊನಿಗೆ ತಣ್ಣನ ಗಾಳಿ ಬಿಡೋ ತನಕ ನಡುವ ನಿಲ್ಲಿಸಬಾರದು, ಬಿಸಿ ಬಟ್ಟಿ ಗುಪ್ಪಿ ಹಾಕಿ ಬಿಡಬಾರದು. ಮನ್ಯಾಗ ಎಚ್ಚರಿದ್ದಾಗ ಅಷ್ಟೇ ಹಚ್ಚೋದು.

ಜಾಲರಿ ಕೊಟ್ಟೆ. ಕಿಟಕಿ ಬಲ್ಲೆ ಹೋಗಿ ಬೆಳಕಿಗೆ ಹಿಡದ್ರು. ನಾಲ್ಕೂ ಮೂಲಿ ನೋಡಿದ್ರು, ಮಕ್ಕಳ ಲೆಕ್ಕ ತಿದ್ದೋರಂಗ. ಆಮ್ಯಾಲೆ ನನಗ ಕೊಟ್ರು.

"ನೀವೂ ನೋಡ್ರಿ. ಇಬ್ರೂ ನೋಡೂಣು."

ನೋಡಿದೆ. ಸರಿ ಅದ ಅಂದೆ. ಆವಾಗ ನನ್ನ ಮಾರಿ ನೋಡಿದ್ರು. ಆ ಶುಕ್ರವಾರದ ನಂತರ ಮೊದಲ್ನೇ ಸಲ. "ಉಂಡು ಹೋಗ್ರಿ" ಅಂದ್ರು.

ಜ್ವಾಳದ ರೊಟ್ಟಿ, ಪುಂಡಿಪಲ್ಯ. ಹುಲಗೆಮ್ಮ ಮಂಚದ ಮ್ಯಾಲಿಂದ ಇನ್ನೊಂದು ಹಾಕು, ಇನ್ನೊಂದು ಹಾಕು ಅಂತಿದ್ಲು. ಮೂರು ರೊಟ್ಟಿ ಉಂಡೆ. ಇಳೀತು.

ಜುಲೈ 31, ಗುರುವಾರ, ಬಸ್ಸಿನ್ಯಾಗ

ದೇವದುರ್ಗದಾಗ ಉಳಿದೆರಡೂ ಆದ್ವು. ಮೊದಲ್ನೇದರಾಗ ಏನೂ ಇಲ್ಲ.

ಕೊನೇದು ತಹಸೀನ್ ಅವರ ಮನಿ. ಬಾಣಂತಿ. ಕೂಸಿಗೆ ಇಪ್ಪತ್ತು ದಿನ. ಗಂಡ ವಲಿ ಪಾಷಾ ಬಾಗಿಲಾಗನ ಅಂದ, "ನಾವು ಕರದಿಲ್ಲಲ್ಲ ಅಕ್ಕ?" ಕರೀಲಾರ್ದ ಬಂದೀನಿ ಅಂದೆ, ಕಾರಣ ಹೇಳಿದೆ. ಒಳಗ ಕರದ್ರು.

ಜಾಲರಿ ಬೆಳಕಿಗೆ ಹಿಡದೆ. ಸರಿ. ಒಳಗ ತುಸು ಧೂಳು, ಬ್ರಷಿಲೆ ತಗದೆ. ಪೈಪು ಸರಿ. ಅರ್ಥಿಂಗ್ ಸರಿ. ಏಳೋದ್ರಾಗ ಬುಟ್ಟಿ ಮ್ಯಾಲೆ ಕಣ್ಣು ಹೋತು. ಕೂಸಿಗೆ ಎಣ್ಣಿ ತಿಕ್ಕಿ ಒರಸಿದ ಹಳೇ ಹತ್ತಿ ಬಟ್ಟಿ, ಗುಪ್ಪಿ. ಎಣ್ಣಿ ವಾಸನಿ ಇನ್ನಾ ಅದ.

"ಇವನ್ನೂ ಡ್ರೈಯರಿಗೆ ಹಾಕ್ತೀರೇನ್ರಿ?"

"ತೊಳದು ಹಾಕ್ತೀನಕ್ಕ. ಎಣ್ಣಿ ಪೂರ್ತಿ ಹೋಗಂಗಿಲ್ಲ" ಅಂದ್ಲು ತಹಸೀನ್.

ಬ್ಯಾಡ್ರಿ ಅಂದೆ. ಎಣ್ಣಿ ಹತ್ತಿದ ಹತ್ತಿ ಬಟ್ಟಿ ಬಿಸಿಲೆ ತಗದು ಗುಪ್ಪಿ ಹಾಕಿದ್ರ ತಾನ ಕಾವು ಏರ್ತದ. ತಾಸು ಬಿಟ್ಟು ಹತ್ಕೊಂಡದ್ದೂ ಅದ. ಇವನ್ನ ಹಗ್ಗದ ಮ್ಯಾಲೆ ಹಾಕ್ರಿ, ಬಿಸಿಲಿಗೆ. ಆ ಹುಡುಗಿ ಬುಟ್ಟಿ ನೋಡಿದ್ಲು, ತೊಟ್ಟಿಲ ನೋಡಿದ್ಲು. ಬುಟ್ಟಿ ತೊಟ್ಟಿಲದ ಬಲ್ಲೇನ ಇತ್ತು. ಎತ್ತಿ ಹಿತ್ತಲಿಗೆ ಒಯ್ದು ಒಂದೊಂದ ಬಿಡಿಸಿ ಹರವಿದ್ಲು. ಕೂಸನ್ನ ನನ್ನ ಕೈಗೆ ಕೊಟ್ಟು ಹೋಗಿದ್ಲು. ಗಟ್ಟಿ ಮುಷ್ಟಿ ಹಿಡದು ಮಲಗಿತ್ತು. ಕೈಯಾಗ ಪಾನಾದ ಗ್ರೀಸ್ ಇತ್ತಂತ ಮೊಣಕೈ ಮ್ಯಾಲೆ ಇಟ್ಕೊಂಡು ಹಂಗ ನಿಂತಿದ್ದೆ. ಅಲುಗಾಡಲಿಲ್ಲ.

ಕರೀಲಾರ್ದ ಹೋಗಿದ್ದು ಛಲೋ ಆತು.

ಹದಿನಾಲ್ಕೂ ಮುಗದ್ವು. ಸರ್‌ಗೆ ಮೆಸೇಜ್ ಹಾಕಿದೆ. "ನಾಳಿ ಹನ್ನೊಂದಕ್ಕ ಬಾ, ಮಲಗು" ಅಂತ ಬಂತು. ಆರು ವರ್ಷದಾಗ ಮೊದಲ್ನೇ ಸಲ.

ಗಬ್ಬೂರು ದಾಟ್ತು. ಮಳಿ ನಿಂತದ. ಕಿಟಕ್ಯಾಗ ತಣ್ಣನ ಗಾಳಿ. ಬಾಜು ಕುಂತ ಅಕ್ಕಗ ಹೇಳೀನಿ, ರಾಯಚೂರು ಬಂದ್ರ ಎಬ್ಬಸ್ರಿ ಅಂತ. ಅಕಿ ನಕ್ಕು, ಮಲಗವ್ವ ಅಂದ್ಲು. ಎರಡು ವಾರ ಆತು, ಕಣ್ಣು ಮುಚ್ಚಿದ್ರ ಫೋನಿನ್ಯಾಗಿನ ಕೆಮ್ಮು ಕೇಳ್ತಿತ್ತು. ಈಗ ಕೇಳವಲ್ದು. ಬರೇ ಗಾಳಿ ಸಪ್ಪಳ. ಅಕ್ಷರ ಗೆರಿ ಬಿಟ್ಟು ಹೊಂಟಾವ. ಮನಿಗೆ ಹೋಗಿ ಮೊದ್ಲು ಅಪ್ಪಗ ಹೇಳಬೇಕು, ನಿನ್ನ ಮುಕಾದಮನ ಮಾತು ಹದಿನಾಲ್ಕೂ ಮನಿಗೆ